ಒಂದು ಡೇಲಿಯಾದಿಂದ ಹಲವು ಗಿಡ: ಕೊಡಗಿನ ಮನೆ ತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ಡೇಲಿಯಾ ಬಗ್ಗೆ ಸಿಗುವ ವಿಡಿಯೋಗಳಲ್ಲಿ ಹೆಚ್ಚಿನವು ಇಂಗ್ಲೆಂಡ್, ಅಮೆರಿಕದವು. ಹಿಮ ಬೀಳುವ ಮೊದಲು ಗೆಡ್ಡೆ ಕಿತ್ತು ಒಳಗಿಡಿ ಅನ್ನುತ್ತಾರೆ. ನಮ್ಮಲ್ಲಿ ಹಿಮ ಎಲ್ಲಿದೆ? ಕೊಡಗಿನಲ್ಲಿ ಡೇಲಿಯಾ ಗೆಡ್ಡೆ ಸಾಯುವುದು ನೀರಿನಿಂದ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕುಶಾಲನಗರಕ್ಕೆ ಇಳಿದರೆ ಅದರ ಅರ್ಧವೂ ಇಲ್ಲ. ಒಂದೇ ಜಿಲ್ಲೆಯಾದರೂ ನಿಮ್ಮ ಅತ್ತೆ ಮನೆಯ ಲೆಕ್ಕ ನಿಮ್ಮ ಅಂಗಳಕ್ಕೆ ಹೊಂದದೇ ಇರಬಹುದು. ಕೆಳಗಿನ ಉತ್ತರಗಳನ್ನು ಓದುವಾಗ ನಿಮ್ಮ ಮಳೆ ಎಷ್ಟು ಅನ್ನುವುದು ನೆನಪಿರಲಿ.

ಡೇಲಿಯಾ ಚಳಿ ದೇಶದ ಗಿಡ ಅಲ್ವಾ? ಇಲ್ಲಿ ಯಾಕೆ ಇಷ್ಟು ಚೆನ್ನಾಗಿ ಬರುತ್ತದೆ?

ಅಲ್ಲ. ಅದರ ತವರು ಮೆಕ್ಸಿಕೋದ ಎತ್ತರದ ಗುಡ್ಡಗಾಡು. 1963ರಲ್ಲಿ ಆ ದೇಶ ಇದನ್ನು ರಾಷ್ಟ್ರೀಯ ಹೂವು ಎಂದು ಘೋಷಿಸಿತು. ಅಲ್ಲಿ ಬೇಸಿಗೆಯಲ್ಲಿ ಮಳೆ, ಚಳಿಗಾಲದಲ್ಲಿ ಒಣ ಹವೆ. ಮಳೆಯಲ್ಲಿ ಬೆಳೆದು, ಹೂ ಬಿಟ್ಟು, ಒಣಗಾಲದಲ್ಲಿ ಮಣ್ಣಿನೊಳಗೆ ಗೆಡ್ಡೆಯಾಗಿ ಮಲಗುವುದು ಅದರ ಸ್ವಭಾವ. ನಮ್ಮ ಗುಡ್ಡಗಳ ತಂಪು ಅದಕ್ಕೆ ಹಿತ. ಮಳೆ ಮಾತ್ರ ಅದು ಕೇಳಿದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ.

ಗಿಡ ಹೆಚ್ಚಿಸಲು ಎಷ್ಟು ದಾರಿ ಇದೆ? ನಾನು ಯಾವುದನ್ನು ಮಾಡಲಿ?

ಮೂರು ದಾರಿ. ಗೆಡ್ಡೆ ಬಿಡಿಸಿ ನೆಡುವುದು, ಕಡ್ಡಿ ಬೇರು ಬರಿಸುವುದು, ಬೀಜ ಹಾಕುವುದು. ಕಸಿ ಕಟ್ಟುವವರೂ ಇದ್ದಾರೆ, ಮನೆ ಅಂಗಳಕ್ಕೆ ಅದು ಬೇಡದ ಉಸಾಬರಿ.

ಗೆಡ್ಡೆ ಸುಲಭ. ಆದರೆ ಒಂದು ಬುಡದಿಂದ ವರ್ಷಕ್ಕೆ ನಾಲ್ಕೈದು ಗಿಡ ಸಿಕ್ಕರೆ ಹೆಚ್ಚು. ಕಡ್ಡಿಗೆ ಸ್ವಲ್ಪ ಗಮನ ಬೇಕು, ಆದರೆ ಅದೇ ಬುಡದಿಂದ ಹತ್ತಿಪ್ಪತ್ತು ಗಿಡ ಮಾಡಬಹುದು. ಬೀಜದಲ್ಲಿ ಯಾವ ಹೂ ಬರುತ್ತದೆ ಎಂದು ಮೊದಲೇ ಹೇಳಲಾಗದು.

ನನ್ನನ್ನು ಕೇಳಿದರೆ ಕೊಡಗಿಗೆ ಕಡ್ಡಿಯೇ ಸರಿ. ಇಷ್ಟಪಟ್ಟು ತಂದ ತಳಿಯನ್ನು ಗೆಡ್ಡೆಯೊಂದನ್ನೇ ನಂಬಿ ಇಟ್ಟರೆ ಒಂದು ಜೋರು ಆಷಾಢ ಅದನ್ನು ಮುಗಿಸಿಬಿಡುತ್ತದೆ. ಅದೇ ತಳಿಯ ನಾಲ್ಕು ಕಡ್ಡಿ ಸೂರಿನ ಕೆಳಗೆ ಚಿಗುರುತ್ತಿದ್ದರೆ ಭಯವಿಲ್ಲ. ಗೆಡ್ಡೆ ಬಿಡಿಸಿ, ಬೇಡ ಅನ್ನುವುದಿಲ್ಲ. ಜೊತೆಗೆ ಕಡ್ಡಿಯೂ ಇರಲಿ.

ಗೆಡ್ಡೆಯನ್ನು ಕೀಳಲೇಬೇಕಾ? ನಮ್ಮ ಅಜ್ಜಿ ಕೀಳುತ್ತಲೇ ಇರಲಿಲ್ಲ.

ಅಜ್ಜಿಯ ಗಿಡ ಬಹುಶಃ ಇಳಿಜಾರಿನಲ್ಲೋ, ಅಂಗಳದ ಕಲ್ಲುಕಟ್ಟೆಯ ಮೇಲೋ, ಸೂರಿನ ಅಡಿಯಲ್ಲೋ ಇತ್ತು. ನೀರು ನಿಲ್ಲದ ಜಾಗದಲ್ಲಿ ಗೆಡ್ಡೆ ಮಣ್ಣಿನಲ್ಲೇ ಇದ್ದು ಹೂಮಳೆಗೆ (ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಹೂ ಬಿಡಿಸುವ ಮಳೆ) ತಾನಾಗಿ ಚಿಗುರುತ್ತದೆ. ಹಳೆಯ ಒಂಟಿ ಸುತ್ತಿನ ಡೇರೆ (ಡೇಲಿಯಾ) ಗಿಡಗಳಂತೂ ಬಹಳ ಗಟ್ಟಿ. ಸಮತಟ್ಟು ಜಾಗದಲ್ಲಿ, ಅಂಟು ಮಣ್ಣಿನಲ್ಲಿ ಈ ಧೈರ್ಯ ಬೇಡ.

ಹೇಗಿದ್ದರೂ ಎರಡು ಮೂರು ವರ್ಷಕ್ಕೊಮ್ಮೆ ಕಿತ್ತು ಬಿಡಿಸಿ. ಬಿಡಿಸದಿದ್ದರೆ ಒಂದರ ಮೇಲೊಂದು ಗೆಡ್ಡೆ ಕಟ್ಟಿ ನಡು ಕೊಳೆಯಲು ಶುರುವಾಗುತ್ತದೆ, ಹೂವೂ ಸಣ್ಣದಾಗುತ್ತದೆ.

ಯಾವಾಗ ಕೀಳುವುದು, ಹೇಗೆ ಕೀಳುವುದು?

ಎಲೆ ಹಳದಿಯಾಗಿ ಕಾಂಡ ಒಣಗಲು ಹಿಡಿದಾಗ ಕೀಳಿ. ಬೇಸಿಗೆ ಕೊನೆಯಲ್ಲಿ ನೆಟ್ಟ ಗಿಡ ಅಕ್ಟೋಬರ್–ನವೆಂಬರ್ ಹೊತ್ತಿಗೆ ಈ ಹಂತಕ್ಕೆ ಬರುತ್ತದೆ. ಮಳೆ ನಿಂತ ಮೇಲೆ ನೆಟ್ಟದ್ದು ಫೆಬ್ರುವರಿ–ಮಾರ್ಚ್‌ಗೆ. ಕಾಂಡವನ್ನು ನೆಲದಿಂದ ನಾಲ್ಕೈದು ಇಂಚು ಬಿಟ್ಟು ಕತ್ತರಿಸಿ. ಒಂದು ವಾರ ಹಾಗೇ ಬಿಡಿ. ಅಷ್ಟರಲ್ಲಿ ಬುಡದ ಕಣ್ಣುಗಳು (ಚಿಗುರು ಹೊರಡುವ ಜಾಗ) ಉಬ್ಬಿ ಕಾಣಿಸುತ್ತವೆ, ಬಿಡಿಸುವಾಗ ಎಲ್ಲಿ ಕತ್ತರಿಸಬೇಕು ಎಂದು ಗೊತ್ತಾಗುತ್ತದೆ.

ಬುಡದಿಂದ ಒಂದು ಅಡಿ ದೂರದಲ್ಲಿ ಸುತ್ತಲೂ ಅಗೆದು, ಕೆಳಗಿನಿಂದ ಎತ್ತಿ. ಕಾಂಡ ಹಿಡಿದು ಎಳೆಯಬೇಡಿ. ಗೆಡ್ಡೆ ಕಾಂಡಕ್ಕೆ ಸೇರುವ ಕೊರಳು ಬಹಳ ಸಪೂರ, ಅಲ್ಲಿ ಒಂದು ಸಣ್ಣ ಬಿರುಕು ಬಿಟ್ಟರೂ ಆ ಗೆಡ್ಡೆ ಮುಗಿಯಿತು. ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತದೆ, ಎರಡು ತಿಂಗಳಲ್ಲಿ ಒಣಗಿ ಕೈಗೆ ಬರುತ್ತದೆ. ಗುದ್ದಲಿಗಿಂತ ಮೊನೆ ಇರುವ ಕಬ್ಬಿಣದ ಫೋರ್ಕ್ ಇದ್ದರೆ ಒಳ್ಳೆಯದು.

ದಪ್ಪನೆಯ ಒಳ್ಳೆ ಗೆಡ್ಡೆಯನ್ನೇ ನೆಟ್ಟೆ. ಮೊಳಕೆ ಬರಲೇ ಇಲ್ಲ. ಯಾಕೆ?

ಈ ಪ್ರಶ್ನೆ ಕೇಳದವರೇ ಇಲ್ಲ. ಉತ್ತರ ಒಂದೇ: ಆ ಗೆಡ್ಡೆಗೆ ಕಣ್ಣು ಇರಲಿಲ್ಲ.

ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಕಣ್ಣಿರುವ ಯಾವ ತುಂಡು ಹಾಕಿದರೂ ಚಿಗುರುತ್ತದೆ, ಯಾಕೆಂದರೆ ಅದು ಕಾಂಡದ ಜಾತಿ. ಡೇಲಿಯಾ ಗೆಡ್ಡೆ ಹಾಗಲ್ಲ, ಅದು ಉಬ್ಬಿದ ಬೇರು. ಆ ಬೇರಿಗೆ ತಾನಾಗಿ ಚಿಗುರುವ ಶಕ್ತಿ ಇಲ್ಲ. ಕಣ್ಣು ಇರುವುದು ಹಳೆ ಕಾಂಡದ ಬುಡದಲ್ಲಿ, ಗೆಡ್ಡೆಯ ಕೊರಳು ಸೇರುವ ಆ ಒಂದು ಸುತ್ತಿನಲ್ಲಿ ಮಾತ್ರ. ಆದ್ದರಿಂದ ಪ್ರತಿ ತುಂಡಿನಲ್ಲೂ ಮೂರು ಇರಬೇಕು: ಒಂದು ಗೆಡ್ಡೆ, ಮುರಿಯದ ಕೊರಳು, ಹಳೆ ಕಾಂಡದ ಚೂರಿನ ಮೇಲೆ ಒಂದಾದರೂ ಕಣ್ಣು. ಕಣ್ಣಿಲ್ಲದ ಗೆಡ್ಡೆಯೂ ಮಣ್ಣಿನೊಳಗೆ ಬೇರು ಬಿಡುತ್ತದೆ, ತಿಂಗಳುಗಟ್ಟಲೆ ಗಟ್ಟಿಯಾಗಿ ಇರುತ್ತದೆ. ನಾವು ನೀರು ಹಾಕುತ್ತಾ ಕಾಯುತ್ತಲೇ ಇರುತ್ತೇವೆ.

ಗಾತ್ರ ಮುಖ್ಯವಲ್ಲ. ಕಿರುಬೆರಳಷ್ಟು ಗೆಡ್ಡೆಗೆ ಒಂದು ಒಳ್ಳೆಯ ಕಣ್ಣಿದ್ದರೆ ಸಾಕು. ಸಂತೆಯಲ್ಲಿ ಬಿಡಿ ಗೆಡ್ಡೆ ಕೊಳ್ಳುವಾಗ ಇದನ್ನು ನೋಡಿ ತನ್ನಿ. ಕಾಂಡದ ಚೂರೇ ಇಲ್ಲದ ಗೆಡ್ಡೆಗೆ ಹಣ ಕೊಡಬೇಡಿ, ಎಷ್ಟೇ ದಪ್ಪ ಇರಲಿ.

ಕಣ್ಣು ಗುರುತಿಸಲು ಬರುವುದಿಲ್ಲ ಅನ್ನುವವರಿಗೆ ಒಂದು ಸುಲಭ ಉಪಾಯ. ಇಡೀ ಗೊಂಚಲನ್ನು ಬಿಡಿಸದೆ ಇಡಿ. ಮಾರ್ಚ್–ಏಪ್ರಿಲ್‌ನಲ್ಲಿ ಅದನ್ನು ಸ್ವಲ್ಪ ತೇವದ ಮರಳಿನ ಮೇಲೆ ಕೂರಿಸಿ. ಮೊಳಕೆ ಅರ್ಧ ಇಂಚು ಬಂದ ಮೇಲೆ ಚೂಪು ಚಾಕುವಿನಿಂದ ಮೊಳಕೆಗೊಂದು ಗೆಡ್ಡೆಯಂತೆ ಬಿಡಿಸಿ. ಆಗ ಊಹೆಯ ಮಾತೇ ಇಲ್ಲ. ಕತ್ತರಿಸಿದ ಗಾಯಕ್ಕೆ ಗಂಧಕದ ಪುಡಿ ಅಥವಾ ಒಲೆ ಬೂದಿ ಹಚ್ಚಿ, ಒಂದು ದಿನ ನೆರಳಲ್ಲಿ ಒಣಗಿಸಿ ನೆಡಿ.

ಕಿತ್ತ ಗೆಡ್ಡೆಯನ್ನು ಎಲ್ಲಿ ಇಡುವುದು?

ಮೊದಲು ಮಣ್ಣು ಉದುರಿಸಿ, ತಲೆಕೆಳಗಾಗಿ ಎರಡು ಮೂರು ದಿನ ನೆರಳಲ್ಲಿ ಇಡಿ. ಡೇಲಿಯಾ ಕಾಂಡ ಟೊಳ್ಳು, ಒಳಗೆ ನಿಂತ ನೀರು ಇಳಿದು ಹೋಗಬೇಕು. ಇಲ್ಲದಿದ್ದರೆ ಕೊಳೆತ ಅಲ್ಲಿಂದಲೇ ಶುರು.

ಆಮೇಲೆ ಒಣ ಮರಳು, ಮರದ ಪುಡಿ, ಭತ್ತದ ಹೊಟ್ಟು, ತೆಂಗಿನ ನಾರಿನ ಪುಡಿ, ಇವುಗಳಲ್ಲಿ ಯಾವುದು ಸಿಗುತ್ತದೋ ಅದರಲ್ಲಿ ಒಂದಕ್ಕೊಂದು ತಾಗದಂತೆ ಹೂತಿಡಿ. ರಟ್ಟಿನ ಪೆಟ್ಟಿಗೆ ಅಥವಾ ಬಿದಿರ ಬುಟ್ಟಿ ಸಾಕು. ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ. ಹಂಚಿನ ಮನೆಯ ಅಟ್ಟ ಫೆಬ್ರುವರಿವರೆಗೆ ಚೆನ್ನ, ಬಿಸಿಲು ಏರಿದ ಮೇಲೆ ಅಲ್ಲಿ ಗೆಡ್ಡೆ ಸುಕ್ಕಾಗುತ್ತದೆ. ಆಗ ಕೆಳಗಿನ ಕತ್ತಲೆ ಕೋಣೆಗೆ ಇಳಿಸಿ. ತಿಂಗಳಿಗೊಮ್ಮೆ ಕೈಯಾಡಿಸಿ. ಮೆತ್ತಗಾದದ್ದನ್ನು ಎಸೆಯಿರಿ, ಸುಕ್ಕಾದದ್ದರ ಮೇಲೆ ಒಂದು ಹನಿ ನೀರು ಚಿಮುಕಿಸಿ.

ಗೆಡ್ಡೆಯನ್ನು 4ರಿಂದ 10 ಡಿಗ್ರಿ ಉಷ್ಣಾಂಶದಲ್ಲಿ ಇಡಿ ಎಂದು ಹೊರದೇಶದವರು ಹೇಳುತ್ತಾರೆ. ಅಷ್ಟು ತಂಪು ಸದಾ ಇರುವ ಕೋಣೆ ನಮ್ಮಲ್ಲಿ ಇಲ್ಲ. ಆದ್ದರಿಂದ ಇಲ್ಲಿನ ಗೆಡ್ಡೆ ಬೇಗ ಎಚ್ಚರಾಗುತ್ತದೆ. ಫೆಬ್ರುವರಿಯಲ್ಲೇ ಮೊಳಕೆ ಕಂಡರೆ ಗಾಬರಿ ಬೇಡ. ಆ ಮೊಳಕೆಯೇ ಕಡ್ಡಿಗೆ ಒಳ್ಳೆಯ ಮಾಲು.

ಕಡ್ಡಿ ಮಾಡುವ ಕ್ರಮ ಹೇಳಿ. ನಾನು ಹಾಕಿದ್ದೆಲ್ಲ ಕೊಳೆಯುತ್ತದೆ.

ಮೊದಲು ಯಾವ ಕಡ್ಡಿ ಅನ್ನುವುದು. ಮಳೆಗಾಲದಲ್ಲಿ ಗಾಳಿಗೆ ಮುರಿದ ದಪ್ಪ ಕಾಂಡವನ್ನು ಬಿಸಾಡಲು ಮನಸ್ಸು ಬಾರದೆ ತಂದು ಮಣ್ಣಿಗೆ ಚುಚ್ಚುತ್ತೇವೆ. ಅದು ಟೊಳ್ಳು, ನೂರಕ್ಕೆ ತೊಂಬತ್ತು ಕೊಳೆಯುತ್ತದೆ. ಬೇಕಾದದ್ದು ಮೂರು ನಾಲ್ಕು ಇಂಚಿನ ಎಳೆ ಚಿಗುರು, ಕತ್ತರಿಸಿದಾಗ ಒಳಗೆ ತುಂಬಿದಂತೆ ಕಾಣಬೇಕು. ನಡುವೆ ತೂತು ಕಂಡರೆ ಬಿಡಿ.

ಎಲ್ಲಕ್ಕಿಂತ ಒಳ್ಳೆಯದು ಗೆಡ್ಡೆಯಿಂದಲೇ ಎದ್ದ ಮೊಳಕೆ. ಗೊಂಚಲನ್ನು ಅಗಲದ ಟ್ರೇಯಲ್ಲಿ, ಕೊರಳು ಮೇಲೆ ಕಾಣುವಂತೆ ಅರ್ಧ ಹೂತು ಬೆಳಕಿರುವಲ್ಲಿ ಇಡಿ. ಮೊಳಕೆಗೆ ಎರಡು ಮೂರು ಜೊತೆ ಎಲೆ ಬಂದಾಗ ಬುಡಕ್ಕಿಂತ ಸ್ವಲ್ಪ ಮೇಲೆ, ಕಾಲಿಂಚು ಉಳಿಸಿ ಕತ್ತರಿಸಿ. ಉಳಿದ ತುಂಡಿನ ಬುಡದಿಂದ ಮತ್ತೆ ಎರಡು ಮೊಳಕೆ ಬರುತ್ತವೆ. ಅವನ್ನೂ ಕತ್ತರಿಸಿ. ಹೀಗೆ ಒಂದೇ ಗೊಂಚಲು ಏಪ್ರಿಲ್ ಪೂರ್ತಿ ಕೊಡುತ್ತಲೇ ಇರುತ್ತದೆ. ಕೊನೆಗೆ ಆ ಗೊಂಚಲನ್ನೂ ಬಿಡಿಸಿ ನೆಡಬಹುದು.

ಬೆಳೆದ ಗಿಡದಲ್ಲಾದರೆ ಎಲೆಯ ಕಂಕುಳಲ್ಲಿ ಬರುವ ಎಳೆ ಚಿಗುರು, ಮೊಗ್ಗು ಇಲ್ಲದ್ದು.

ಗಿಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆಯಿರಿ. ಮೇಲಿನ ಎಲೆ ದೊಡ್ಡದಿದ್ದರೆ ಅರ್ಧಕ್ಕೆ ಕತ್ತರಿಸಿ, ನೀರು ಆರುವುದು ಕಡಿಮೆಯಾಗುತ್ತದೆ. ಬೇರು ಬರಿಸುವ ಪುಡಿ ಕಾಫಿ, ಮೆಣಸಿನ ಕಡ್ಡಿ ಮಾಡುವವರ ಮನೆಯಲ್ಲಿ ಹೇಗೂ ಇರುತ್ತದೆ, ಎಳೆ ಕಡ್ಡಿಗೆ ಹೇಳಿದ ಪುಡಿಯನ್ನು ತೆಳ್ಳಗೆ ಅದ್ದಿ. ಇಲ್ಲದಿದ್ದರೂ ಡೇಲಿಯಾ ಬೇರು ಬಿಡುತ್ತದೆ. ಅದಕ್ಕಾಗಿ ಪೇಟೆಗೆ ಹೋಗಬೇಕಿಲ್ಲ.

ಈಗ ಮಣ್ಣು. ಕಾಫಿ ನರ್ಸರಿ ಚೀಲಕ್ಕೆ ಕಾಡು ಮಣ್ಣು ಆರು ಪಾಲು, ಗೊಬ್ಬರ ಎರಡು, ಮರಳು ಒಂದು ಎಂದು ಬೆರೆಸುತ್ತೇವಲ್ಲ, ಆ ಮಿಶ್ರಣ ಡೇಲಿಯಾ ಕಡ್ಡಿಗೆ ಬೇಡವೇ ಬೇಡ. ಬೇರಿಲ್ಲದ ಕಡ್ಡಿಗೆ ಗೊಬ್ಬರ ವಿಷವಿದ್ದಂತೆ. ತೊಳೆದ ಮರಳು ಮತ್ತು ತೆಂಗಿನ ನಾರಿನ ಪುಡಿ ಸಮಪಾಲು, ಅಷ್ಟೇ. ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಅಲ್ಲ.

ಇಟ್ಟ ಮೇಲೆ ನೆರಳು, ಬೆಳಕು, ಸೂರು ಮೂರೂ ಬೇಕು. ಜಗಲಿಯ ಪೂರ್ವದ ಮೂಲೆ ಹೇಳಿ ಮಾಡಿಸಿದ ಜಾಗ. ಬೇಸಿಗೆಯಲ್ಲಾದರೆ ಮೇಲೆ ಪ್ಲಾಸ್ಟಿಕ್ ಚೀಲ ಕವುಚಿ, ದಿನಕ್ಕೊಮ್ಮೆ ತೆಗೆದು ಗಾಳಿ ಆಡಿಸಿ. ಜುಲೈ–ಆಗಸ್ಟ್‌ನಲ್ಲಿ ಆ ಚೀಲ ಹಾಕಲೇಬಾರದು. ಹೊರಗಿನ ಗಾಳಿಯೇ ಒದ್ದೆ ಬಟ್ಟೆಯಂತಿರುವಾಗ ಕವುಚುವುದು ಯಾಕೆ? ಹೆಚ್ಚಿನವರ ಕಡ್ಡಿ ಕೊಳೆಯುವುದು ಇಲ್ಲೇ. ವಿಡಿಯೋದಲ್ಲಿ ನೋಡಿದ ಚೀಲವನ್ನು ಮಡಿಕೇರಿಯ ಮಳೆಗಾಲದಲ್ಲೂ ಕವುಚಿರುತ್ತಾರೆ.

ಎರಡರಿಂದ ಮೂರು ವಾರಕ್ಕೆ ಬೇರು ಬರುತ್ತದೆ. ಮೆಲ್ಲಗೆ ಎಳೆದರೆ ಹಿಡಿದಂತಾಗುತ್ತದೆ, ತುದಿಯಲ್ಲಿ ಹೊಸ ಎಲೆ ಕಾಣುತ್ತದೆ. ಆಗ ಗೊಬ್ಬರವಿರುವ ಮಣ್ಣಿನ ಚೀಲಕ್ಕೆ ಬದಲಿಸಿ.

ಕಡ್ಡಿಗೆ ಸರಿಯಾದ ತಿಂಗಳು ಯಾವುದು?

ಕೊಡಗಿನಲ್ಲಿ ಎರಡು ಸಲ ಅವಕಾಶವಿದೆ.

ಮೊದಲನೆಯದು ಮಾರ್ಚ್–ಏಪ್ರಿಲ್. ಕಾಫಿಗೆ ಹೂಮಳೆ ಬಿದ್ದ ಹೊತ್ತು. ಆಗ ಮಾಡಿದ ಗಿಡ ಮೇ ತಿಂಗಳಲ್ಲಿ ಮಣ್ಣಿಗೆ ಹೋಗಿ ಜುಲೈ ಕೊನೆಯಿಂದ ಹೂ ಬಿಡುತ್ತದೆ. ಸೋಮವಾರಪೇಟೆಯ ಮೂಡಣ ಮಗ್ಗುಲು, ಕುಶಾಲನಗರದ ಕಡೆಯವರಿಗೆ ಇದು ಚೆನ್ನ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮಳೆಗೆ ದೊಡ್ಡ ಹೂ ನೀರು ಕುಡಿದು ತಲೆ ಬಗ್ಗಿಸಿ ಕೊಳೆಯುತ್ತದೆ. ಅಲ್ಲಿಯವರು ಈ ಗಿಡವನ್ನು ಹೂವಿಗಾಗಿ ನೆಚ್ಚಿಕೊಳ್ಳದೆ ಕಡ್ಡಿ ಕೊಡುವ ತಾಯಿ ಗಿಡವಾಗಿ ಸೂರಿನ ಕೆಳಗೆ ಕುಂಡದಲ್ಲಿ ಇಟ್ಟುಕೊಳ್ಳುವುದು ಜಾಣತನ.

ಎರಡನೆಯದು ಆಗಸ್ಟ್ ಕೊನೆ, ಸೆಪ್ಟೆಂಬರ್. ಕೈಲ್ ಮುಹೂರ್ತ ಹಬ್ಬದ ಆಸುಪಾಸು ಎಂದು ನೆನಪಿಟ್ಟುಕೊಳ್ಳಿ. ಮಳೆಯ ಜೋರು ಇಳಿದಿರುತ್ತದೆ, ತಾಯಿ ಗಿಡದಲ್ಲಿ ಚಿಗುರು ತುಂಬಿರುತ್ತದೆ. ಈಗ ಹಾಕಿದ ಕಡ್ಡಿ ಕಾವೇರಿ ಸಂಕ್ರಮಣದ (ಅಕ್ಟೋಬರ್ ನಡು) ಹೊತ್ತಿಗೆ ನೆಲಕ್ಕೆ ಹೋಗುವಷ್ಟು ಬೆಳೆದಿರುತ್ತದೆ. ಪುತ್ತರಿ ಹಬ್ಬ ಕಳೆದ ಮೇಲೆ, ಡಿಸೆಂಬರ್–ಜನವರಿಯ ಒಣ ಬಿಸಿಲಿನಲ್ಲಿ ಹೂ. ಮಡಿಕೇರಿಯ ರಾಜಾಸೀಟ್ ಉದ್ಯಾನದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ನಿಮ್ಮ ಅಂಗಳದಲ್ಲೂ ಡೇಲಿಯಾ ಇರಬೇಕು ಅಂದರೆ ಇದೇ ದಾರಿ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಈ ಗಿಡ ಒಣಗುವುದು ಮಾರ್ಚ್ ಹೊತ್ತಿಗೆ, ಮತ್ತೆ ಚಿಗುರುವ ಕಾಲ ಅಲ್ಲೇ ಹತ್ತಿರ. ಗೆಡ್ಡೆಯನ್ನು ತಿಂಗಳುಗಟ್ಟಲೆ ಕಾಯುವ ಕೆಲಸವೇ ಇರುವುದಿಲ್ಲ.

ನವೆಂಬರ್–ಡಿಸೆಂಬರ್‌ನಲ್ಲಿ ಹಾಕಿದ ಕಡ್ಡಿ ಬೇರು ಬಿಟ್ಟಿತು, ಆದರೆ ಬೆಳೆಯುತ್ತಿಲ್ಲ.

ಹಗಲು ಕಿರಿದಾಯಿತು, ಅದಕ್ಕೆ. ಹಗಲು 12 ಗಂಟೆಗಿಂತ ಕಡಿಮೆಯಾದಾಗ ಡೇಲಿಯಾ ಮೇಲಕ್ಕೆ ಬೆಳೆಯುವುದನ್ನು ಬಿಟ್ಟು ಕೆಳಗೆ ಗೆಡ್ಡೆ ಕಟ್ಟಲು ಹೊರಡುತ್ತದೆ. ಡಿಸೆಂಬರ್‌ನಲ್ಲಿ ನಮ್ಮ ಹಗಲು ಸುಮಾರು ಹನ್ನೊಂದೂವರೆ ಗಂಟೆ. ಕಿತ್ತು ನೋಡಿದರೆ ಕಡ್ಡಿಯ ಬುಡದಲ್ಲಿ ಪುಟ್ಟ ಗೆಡ್ಡೆ ಇರುತ್ತದೆ. ಅದು ಹಾಳಾದದ್ದಲ್ಲ, ಮುಂದಿನ ವರ್ಷದ ಬಿತ್ತನೆ ಎಂದುಕೊಂಡು ಕಾಪಾಡಿ. ಬೆಳೆಯಲೇಬೇಕು ಅಂದರೆ ಸಂಜೆ ಎರಡು ಮೂರು ಗಂಟೆ ಮೇಲೊಂದು ಎಲ್‌ಇಡಿ ಬಲ್ಬು ಉರಿಸಿ ಹಗಲನ್ನು 14 ಗಂಟೆಗೆ ಎಳೆಯಬಹುದು.

ಬೀಜದಿಂದ ಬಂದ ಗಿಡಕ್ಕೆ ತಾಯಿಯ ಬಣ್ಣವೇ ಬರುತ್ತದಾ?

ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಹೆಚ್ಚಿನ ಗಿಡಗಳಲ್ಲಿ ವರ್ಣತಂತುಗಳು ಎರಡು ಕಟ್ಟಿನಲ್ಲಿದ್ದರೆ ತೋಟದ ಡೇಲಿಯಾದಲ್ಲಿ ಎಂಟು ಕಟ್ಟು, ಒಟ್ಟು 64. ಬೀಜ ಕಟ್ಟುವಾಗ ಅವೆಲ್ಲ ಕಲಸಿಹೋಗುತ್ತವೆ. ಹೊಸ ತಳಿ ಬೇಕು ಅನ್ನುವವರಿಗೆ ಇದೇ ಸಂತೋಷ.

ಸುಮ್ನೆ ಅಂಗಳ ತುಂಬ ಬಣ್ಣ ಬೇಕಾದರೆ ಒಂಟಿ ಸುತ್ತಿನ ಕುಳ್ಳ ತಳಿಯ ಬೀಜ ಹಾಕಿ. ಒಂದು ವಾರ, ಹತ್ತು ದಿನದಲ್ಲಿ ಮೊಳೆಯುತ್ತದೆ, ಮೂರು ನಾಲ್ಕು ತಿಂಗಳಿಗೆ ಹೂ, ಅದೇ ವರ್ಷ ಗೆಡ್ಡೆಯೂ ಕಟ್ಟುತ್ತದೆ. ಬಂದದ್ದರಲ್ಲಿ ಚೆನ್ನಾಗಿರುವುದನ್ನು ಆರಿಸಿ, ಅದರಿಂದ ಮುಂದೆ ಕಡ್ಡಿ ಮಾಡಿ. ಮನೆಯಲ್ಲೇ ಬೀಜ ಹಿಡಿಯುವುದಾದರೆ ಡಿಸೆಂಬರ್ ಹೂವಿನಲ್ಲಿ ಹಿಡಿಯಿರಿ. ಮಳೆಗಾಲದ ಹೂವಿನಲ್ಲಿ ಬೀಜ ಬಲಿಯುವ ಮೊದಲೇ ತೊಟ್ಟು ಕೊಳೆಯುತ್ತದೆ.

ಆನ್‌ಲೈನ್‌ನಲ್ಲಿ ಹೆಸರಾಂತ ತಳಿ ತರಿಸಿದೆ. ಅದನ್ನು ಹಾಗೇ ಉಳಿಸಿಕೊಳ್ಳುವುದು ಹೇಗೆ?

ಗೆಡ್ಡೆ ಅಥವಾ ಕಡ್ಡಿಯಿಂದ ಮಾತ್ರ. 1924ರ 'ಬಿಷಪ್ ಆಫ್ ಲಾಂಡಾಫ್', 1929ರ 'ಥಾಮಸ್ ಎಡಿಸನ್', 1967ರ 'ಕೆಫೆ ಓ ಲೇ' ಇವೆಲ್ಲ ಇಂದಿಗೂ ಅದೇ ಹೂ ಕೊಡುತ್ತಿರುವುದು ಹೀಗೆ ತುಂಡು ಮಾಡಿ ಹಂಚಿಕೊಂಡು ಬಂದದ್ದರಿಂದ. (ಹಾಲು ಬೆರೆಸಿದ ಕಾಫಿ ಬಣ್ಣದ ಆ ಕೊನೆಯ ಹೂವನ್ನು ಕಾಫಿ ನಾಡಿನವರು ಕೇಳಿ ಕೇಳಿ ತರಿಸುತ್ತಾರೆ. ಹೂ ಚೆಂದ, ಆದರೆ ನಮ್ಮ ಮಳೆಗೆ ಬಹಳ ನಾಜೂಕು.)

ತರಿಸಿದ ಮೊದಲ ವರ್ಷವೇ ಎರಡು ಕಡ್ಡಿ ಮಾಡಿ ಒಂದನ್ನು ಬೇರೆ ಮನೆಯಲ್ಲಿ ಬೆಳೆಸಲು ಕೊಡಿ. ನಿಮ್ಮದು ಹೋದರೂ ಅಲ್ಲಿ ಇರುತ್ತದೆ. ಎರಡು ಬಣ್ಣದ ಹೂ ಬಿಡುವ ತಳಿಗಳಲ್ಲಿ ಕೆಲವು ರೆಂಬೆ ಒಂದೇ ಬಣ್ಣಕ್ಕೆ ತಿರುಗುವುದುಂಟು. ಕಡ್ಡಿಯನ್ನು ಎರಡೂ ಬಣ್ಣ ಸರಿಯಾಗಿ ಬಂದ ರೆಂಬೆಯಿಂದಲೇ ತೆಗೆಯಿರಿ.

ಎಲೆಯಲ್ಲಿ ನರದ ಪಕ್ಕ ಹಳದಿ ಪಟ್ಟೆ, ಗಿಡ ಕುಳ್ಳು. ಇದರಿಂದ ಕಡ್ಡಿ ತೆಗೆಯಬಹುದಾ?

ಬೇಡ. ಅದು ಮೊಸಾಯಿಕ್ ನಂಜು (ವೈರಸ್ ರೋಗ) ಇರಬಹುದು. ಔಷಧ ಇಲ್ಲ. ಸಸ್ಯಹೇನಿನ ಮೂಲಕ ಹರಡುತ್ತದೆ, ಕಡ್ಡಿಯಲ್ಲೂ ಗೆಡ್ಡೆಯಲ್ಲೂ ಜೊತೆಗೇ ಹೋಗುತ್ತದೆ. ಬುಡ ಸಮೇತ ಕಿತ್ತು ಸುಟ್ಟುಬಿಡಿ. ಗೆಡ್ಡೆಯ ಕೊರಳಲ್ಲಿ ಹೂಕೋಸಿನಂಥ ಗಂಟು ಕಂಡರೂ ಅಷ್ಟೇ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸುವ ಅಭ್ಯಾಸ ಇರಲಿ.

ನೆಟ್ಟ ಗಿಡ ಬೆಳಿಗ್ಗೆ ನೋಡಿದರೆ ಇಲ್ಲ!

ಬಸವನ ಹುಳು. ಎಳೆ ಡೇಲಿಯಾ ಅಂದರೆ ಅವಕ್ಕೆ ಹಬ್ಬ. ಶನಿವಾರಸಂತೆ ಕಡೆ ತೋಟಗಳಿಗೆ ನುಗ್ಗುವ ಆಫ್ರಿಕಾದ ದೊಡ್ಡ ಬಸವನ ಹುಳುವಂತೂ ಒಂದೇ ರಾತ್ರಿಯಲ್ಲಿ ಸಾಲು ಮುಗಿಸುತ್ತದೆ. ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ ಉಪ್ಪು ನೀರಿಗೆ ಹಾಕುವುದೇ ಗಟ್ಟಿ ಉಪಾಯ. ಕೈಗವಸು ಹಾಕಿಕೊಳ್ಳಿ. ಬೂದಿ ಸುತ್ತು ಮಳೆ ಬರುವವರೆಗೆ ಮಾತ್ರ ಕೆಲಸ ಮಾಡುತ್ತದೆ. ಗಿಡವನ್ನು ಚೀಲದಲ್ಲೇ ಒಂದು ಅಡಿ ಬೆಳೆಸಿ ನೆಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಗೆಡ್ಡೆಗೆ ಹೆಗ್ಗಣ, ಹಂದಿಯ ಕಾಟವಿದ್ದರೆ ಕುಂಡಕ್ಕೆ ಬದಲಿಸುವುದೇ ನೆಮ್ಮದಿ.

ಹೊಸ ಗಿಡ ನೆಡುವಾಗ ಏನೇನು ನೋಡಬೇಕು?

ಬೆಳಗಿನ ಬಿಸಿಲು ಬೀಳುವ, ನೀರು ಇಳಿದು ಹೋಗುವ ಏರುಮಡಿ ಬೇಕು. ಹಳೆ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಮೂಳೆ ಗೊಬ್ಬರ. ನಮ್ಮ ಮಣ್ಣು ಹುಳಿ, ತೋಟಕ್ಕೆ ಹಾಕುವ ಸುಣ್ಣದಲ್ಲಿ ಸ್ವಲ್ಪ ಎರಡು ವಾರ ಮೊದಲೇ ಬೆರೆಸಿ. ಊರುಗೋಲನ್ನು ಗಿಡಕ್ಕಿಂತ ಮೊದಲು ನೆಡಿ, ಆಮೇಲೆ ಚುಚ್ಚಿದರೆ ಗೆಡ್ಡೆಗೆ ಏಟು. ಮೂರು ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿ. ಚಿವುಟಿದ ತುದಿಯನ್ನು ಎಸೆಯಬೇಡಿ, ಅದೂ ಒಂದು ಕಡ್ಡಿ.

ಮೈಸೂರಿನಲ್ಲಿರುವ ತಂಗಿಗೆ ಗಿಡ ಕಳಿಸಬೇಕು. ಗೆಡ್ಡೆಯೋ, ಕಡ್ಡಿಯೋ?

ಗೆಡ್ಡೆ. ಕೊರಳಿಗೆ ಪೆಟ್ಟಾಗದಂತೆ ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ಮರದ ಪುಡಿ ತುಂಬಿದ ಗಟ್ಟಿ ಡಬ್ಬಿಯಲ್ಲಿ ಹಾಕಿ. ಫೆಬ್ರುವರಿಯಲ್ಲಿ, ಮೊಳಕೆ ಉದ್ದವಾಗುವ ಮೊದಲೇ ಕಳಿಸಿ. ಕಡ್ಡಿಯನ್ನೇ ಕೊಡುವುದಾದರೆ ಬೇರು ಬಂದ ಮೇಲೆ ಚೀಲ ಸಮೇತ ಬಸ್ಸಿನಲ್ಲಿ ಕೈಯಲ್ಲೇ ಹಿಡಿದುಕೊಂಡು ಹೋಗುವವರ ಜೊತೆ ಕೊಡಿ. ಗೆಡ್ಡೆಯ ಮೇಲೆ ಹೆಸರು ಬರೆಯಲು ಮರೆಯಬೇಡಿ, ಹೆಸರು ಗೊತ್ತಿಲ್ಲದಿದ್ದರೆ ಬಣ್ಣ ಮತ್ತು ಎತ್ತರ. ಮಾರ್ಕರ್ ಪೆನ್ನು ಒದ್ದೆಗೆ ಅಳಿಸಬಹುದು, ಪೆನ್ಸಿಲ್ ಉಳಿಯುತ್ತದೆ. ಮೈಸೂರಿನ ಬಿಸಿಲಿಗೆ ಅವರು ಅದನ್ನು ಮಾರ್ಚ್‌ನಲ್ಲೇ ನೆಲಕ್ಕೆ ಹಾಕುವುದು ಬೇಡ. ಮಧ್ಯಾಹ್ನದ ನೆರಳು ಬೀಳುವ ಕುಂಡದಲ್ಲಿ ಚಿಗುರಿಸಿಕೊಂಡು, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕಡ್ಡಿ ಮಾಡಿ ನೆಟ್ಟರೆ ಅಲ್ಲೂ ಚಳಿಗಾಲದಲ್ಲಿ ಹೂ ಸಿಗುತ್ತದೆ.